ಹವಳದ ತೊಟ್ಟಿಯ ಜಲಸಾಮ್ಯ

ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನು ಸಾಕುವ ಪದ್ಧತಿಯು ವಾಚಕರಿಗೆ ಹೊಸದಲ್ಲ. ಸಿಹಿನೀರಿನ ಮೀನಿಗೆ ಹೊತ್ತುಹೊತ್ತಿಗೆ ಆಹಾರವನ್ನೂ ಆಗಾಗ ಹೊಸ ನೀರನ್ನೂ ಒದಗಿಸಿದರೆ ಬಹುಮಟ್ಟಿಗೆ ಸಾಕು. ಉಪ್ಪುನೀರಿನಲ್ಲಿ ಜೀವಂತ ಹವಳವನ್ನು ಸಾಕುವುದಾದರೋ ಬೇರೆಯೇ ವಿದ್ಯೆ. ಹವಳವು ನೋಡುವುದಕ್ಕೆ ಗಿಡದಂತೆಯೂ ಮುಟ್ಟಿದರೆ ಕಲ್ಲಿನಂತೆಯೂ ಇದ್ದರೂ, ವಾಸ್ತವವಾಗಿ ಅದು ಅಸಂಖ್ಯಾತ ಕ್ಷುದ್ರಪ್ರಾಣಿಗಳ ಕೂಡುಕುಟುಂಬ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ಅವು ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳುತ್ತವೆ. ಕಡಲು ಅಪಾರವಾದುದರಿಂದ ಅಲ್ಲಿ ತೆಗೆದುದು ಕಾಣುವುದೇ ಇಲ್ಲ. ತೊಟ್ಟಿಯಲ್ಲಿ ಮಾತ್ರ ದಿನದಿನದ ಲೆಕ್ಕ ಬೇಕಾಗುತ್ತದೆ.

ಸಿಂಗಪುರದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಇಂತಹ ೨೦೦ ಲೀಟರಿನ ತೊಟ್ಟಿಯನ್ನು ಇಟ್ಟುಕೊಂಡಿದ್ದಾನೆ. ಅಲ್ಲಿ ಹವಳದ ತುಂಡುಗಳನ್ನು ಅಂಗಡಿಯಲ್ಲಿ ಕೊಳ್ಳಬಹುದು. ನಮ್ಮ ದೇಶದಲ್ಲಾದರೋ ಬಂಡೆ ಕಟ್ಟುವ ಹವಳಗಳೆಲ್ಲವೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ೨೦೦೧ರಲ್ಲಿ ಸೇರಿರುವುದರಿಂದ, ಅವನ್ನು ಕಡಲಿನಿಂದ ಕಿತ್ತು ತರುವುದು ಅಪರಾಧ. ಮೂರು ವರ್ಷ ಬೆಳೆದ ಹವಳದ ಕೊಂಬೆಗಳ ತುದಿಗಳು ಒಂದು ವಾರದಲ್ಲಿ ಬಿಳಿಚಿಕೊಂಡುವೆಂದೂ, ಮಗಳು ಊಟ ಬಿಟ್ಟು ತೊಟ್ಟಿಯ ಮುಂದೆ ಕುಳಿತಿರುವಳೆಂದೂ ಅವನು ಬರೆದನು. ಸಂಸ್ಕೃತ ಹೇಳಿಕೊಟ್ಟ ಮೇಷ್ಟರನ್ನು ಇದನ್ನು ಕೇಳಿದ್ದೇಕೆಂದರೆ, ಇತರರ ಲೆಕ್ಕದ ಪುಸ್ತಕವನ್ನು ತಿದ್ದುವ ಚಾಪಲ್ಯವು ನಮಗುಂಟೆಂಬುದನ್ನು ಅವನು ಬಲ್ಲನು.

ಅವನ ಪುಸ್ತಕವನ್ನು ತರಿಸಿ ನೋಡಿದೆವು. ಕ್ಯಾಲ್ಸಿಯಂ ಸೋಮವಾರ ಲೀಟರಿಗೆ ೪೨೦ ಮಿಲಿಗ್ರಾಂ, ಶನಿವಾರ ೪೦೬. ಇದನ್ನು ಕಂಡು ಅವನು ನಿಶ್ಚಿಂತನಾಗಿದ್ದನು. ಪಕ್ಕದ ಅಂಕಣದಲ್ಲಿ ಕ್ಷಾರಬಲವು ಸೋಮವಾರ ೮ ಡಿಗ್ರಿ, ಶನಿವಾರ ೬! ಗಾಬರಿಗೊಂಡು ೨೪ ಗ್ರಾಂ ಅಡಿಗೆಸೋಡವನ್ನು ಒಂದೇ ಸಲಕ್ಕೆ ಸುರಿದು ೧೦ಕ್ಕೆ ಏರಿಸಿದ್ದನು. ಈ ಏರಿಳಿತವೇ ರೋಗ.

ಕಾರಣವನ್ನು ನೋಡುವಾ. ಕ್ಷಾರಬಲವೆಂದರೆ ಆಮ್ಲವನ್ನು ತಾಳಿಕೊಳ್ಳುವ ನೀರಿನ ಶಕ್ತಿ. ಕಡಲಿನಲ್ಲಿ ಇದು ಬಹುಪಾಲು ಬೈಕಾರ್ಬೊನೇಟಿನಿಂದ ಬರುವುದು. ಹವಳವು ತನ್ನ ಕಲ್ಲನ್ನು ಕಟ್ಟುವಾಗ ಕ್ಯಾಲ್ಸಿಯಮ್ಮನ್ನೂ ಇದನ್ನೂ ಗೊತ್ತಾದ ಪ್ರಮಾಣದಲ್ಲಿಯೇ ತೆಗೆದುಕೊಳ್ಳುತ್ತದೆ: ಲೀಟರಿಗೆ ೨೦ ಮಿಲಿಗ್ರಾಂ ಕ್ಯಾಲ್ಸಿಯಮ್ಮಿಗೆ ೨.೮ ಡಿಗ್ರಿ ಕ್ಷಾರಬಲ. ನಾನೂರರ ಕಣಜದಲ್ಲಿ ಇಪ್ಪತ್ತು ಹೋದರೆ ಯಾರಿಗೂ ಕಾಣದು. ಎಂಟರ ಚೀಲದಲ್ಲಿ ಸುಮಾರು ಮೂರು ಹೋದರೆ ಮನೆಯೇ ಅಲುಗುವುದು. ಆದುದರಿಂದ ಮೊದಲು ಅಳೆಯತಕ್ಕದ್ದು ಕ್ಷಾರಬಲವನ್ನು. ಅದೂ ಪ್ರತಿದಿನ ಒಂದೇ ಹೊತ್ತಿನಲ್ಲಿ. ಬಣ್ಣ ತಿರುಗುವವರೆಗೆ ತೊಟ್ಟುಗಳನ್ನು ಎಣಿಸುವ ಸುಲಭ ಪರೀಕ್ಷೆಯಿದು. ಏಳೋ, ಎಂಟೋ, ಒಂಬತ್ತೋ ಎಂಬ ವಾದವನ್ನು ಹವ್ಯಾಸಿಗಳು ಬಹಳವಾಗಿ ಬೆಳೆಸಿರುವರು. ನಮಗೆ ತೋರುವಂತೆ, ಹಿಡಿದ ಅಂಕವನ್ನು ಬಿಡದಿರುವುದೇ ಮುಖ್ಯ.

ಸುಶ್ರುತಸಂಹಿತೆಯಲ್ಲಿ ಕ್ಷಾರಗಳನ್ನು ಮೃದು, ಮಧ್ಯಮ, ತೀಕ್ಷ್ಣವೆಂದು ವಿಂಗಡಿಸಿದೆ. ಚಿಕಿತ್ಸೆಗಾಗಿ ಮಾಡಿದ ವಿಭಾಗವಾದರೂ ಇಲ್ಲಿಯೂ ನೆನಪಿಗೆ ಬರುತ್ತದೆ. ಅಡಿಗೆಸೋಡ ಮೃದು: ಈ ತೊಟ್ಟಿಯಲ್ಲಿ ೬ ಗ್ರಾಂ ಹಾಕಿದರೆ ೧ ಡಿಗ್ರಿ ಏರುವುದು. ಒಂದು ದಿನಕ್ಕೆ ಅದಕ್ಕಿಂತ ಹೆಚ್ಚು ಏರಿಸಕೂಡದು. ಸುಣ್ಣದ ತಿಳಿ ತೀಕ್ಷ್ಣ. ಆದರೆ ಕ್ಯಾಲ್ಸಿಯಮ್ಮನ್ನೂ ಕ್ಷಾರಬಲವನ್ನೂ ಹವಳವು ಬೇಡುವ ಪ್ರಮಾಣದಲ್ಲಿಯೇ ಒಟ್ಟಿಗೆ ಕೊಡುವ ಗುಣ ಅದಕ್ಕುಂಟು. ಲೀಟರು ಶುದ್ಧಜಲಕ್ಕೆ ಒಂದೂವರೆ ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಕದಡಿ, ಮುಚ್ಚಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಸಿಯಬೇಕು. ನಮ್ಮ ಶಿಷ್ಯನ ತೊಟ್ಟಿಯಲ್ಲಿ ದಿನಕ್ಕೆ ೦.೪ ಡಿಗ್ರಿ ಖರ್ಚು. ಅದಕ್ಕೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ ತಿಳಿ ಸಾಕು. ಇದನ್ನು ರಾತ್ರಿಯಲ್ಲಿ ತೊಟ್ಟುತೊಟ್ಟಾಗಿ ಬಿಡುವುದು ಮೇಲು. ದೀಪವಾರಿದ ಮೇಲೆ ಜೀವಿಗಳ ಉಸಿರಿನಿಂದ ಇಂಗಾಲಾಮ್ಲವಾಯುವು ನೀರಿನಲ್ಲಿ ಹೆಚ್ಚುವುದಷ್ಟೆ. ಸುಣ್ಣವು ಅದನ್ನು ಹಿಡಿದುಕೊಳ್ಳುತ್ತದೆ. ವೀಳ್ಯದ ಸುಣ್ಣವು ಇದಕ್ಕೆ ಬೇಡ. ಅದರಲ್ಲಿ ಏನು ಬೆರೆತಿದೆಯೋ ಹೇಳಬರುವುದಿಲ್ಲ. ತಿಳಿಯು ಕಣ್ಣಿಗೂ ಚರ್ಮಕ್ಕೂ ಸುಡುವಂತಹುದು, ಮಕ್ಕಳ ಕೈಗೆ ಸಿಗದಂತಿರಲಿ.

ಎಷ್ಟು ಸೇರಿಸಿದರೂ ಅಂಕ ಏರದೆ ಗಾಜಿನ ಮೇಲೆ ಬಿಳಿಯ ಹುಡಿ ಕಟ್ಟಿದರೆ ಮೆಗ್ನೀಷಿಯಮ್ಮನ್ನು ನೋಡತಕ್ಕದ್ದು. ಲೀಟರಿಗೆ ಸುಮಾರು ೧೩೦೦ ಮಿಲಿಗ್ರಾಂ ಇದ್ದರೆ ಅದು ಸುಣ್ಣವನ್ನು ಬೇಗ ಗರಣೆಗಟ್ಟಗೊಡದು.

ಈ ಅಂಕಗಳೆಲ್ಲ ಉಪ್ಪಿನ ಅಂಶವು ಸರಿಯಾಗಿದ್ದರೆ ಮಾತ್ರ ಅರ್ಥವುಳ್ಳವು. ಒಂದು ಕಿಲೋಗ್ರಾಂ ನೀರಿನಲ್ಲಿ ೩೫ ಗ್ರಾಂ ಲವಣವಿರಬೇಕು. ತೊಟ್ಟಿಯಿಂದ ಬತ್ತಿಹೋಗುವುದು ನೀರು, ಉಪ್ಪಲ್ಲ. ಆದುದರಿಂದ ಬತ್ತಿದುದನ್ನು ಉಪ್ಪುನೀರಿನಿಂದ ತುಂಬದೆ ಶುದ್ಧೀಕರಿಸಿದ ಸಿಹಿನೀರಿನಿಂದಲೇ ತುಂಬತಕ್ಕದ್ದು. ಸಿಂಗಪುರದ ನಲ್ಲಿಯ ನೀರು ಮನುಷ್ಯರಿಗೆ ಕುಡಿಯಲು ಉತ್ತಮವಾದರೂ ಅದರಲ್ಲಿ ಕ್ಲೋರಮೀನ್ ಇರುವುದರಿಂದ ಅದನ್ನು ನೇರವಾಗಿ ತೊಟ್ಟಿಗೆ ಬಿಡಲಾಗದು.