ಚೌರಿಗೆ ಚೌರ

"ಇದರ ಮುಖ ಯಾವ ಕಡೆಗಿದೆಯೇ?"

ಮಂಡಿನೋವು ಮರೆತು ಪಂಜರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಮ್ಮ ಕೇಳಿದ ಮೊದಲ ಪ್ರಶ್ನೆ ಅದು. ಒಳಗೆ ಒಣಹುಲ್ಲಿನ ಮೇಲಿದ್ದದ್ದು ಒಂದು ಕೂದಲ ರಾಶಿ. ಕಂದು, ಬಿಳಿ, ನಡುನಡುವೆ ಸಿಕ್ಕಿಕೊಂಡ ಹುಲ್ಲಿನ ಕಡ್ಡಿ. ಕಣ್ಣಿಲ್ಲ, ಮೂಗಿಲ್ಲ, ಕಾಲಿಲ್ಲ. ಬಾಲವಂತೂ ಗಿನಿ ಪಿಗ್‌ಗೆ ಹುಟ್ಟಿನಿಂದಲೇ ಇರುವುದಿಲ್ಲ, ಹಾಗಾಗಿ ಹಿಂಬದಿಯ ಗುರುತೂ ಸಿಗಲಿಲ್ಲ. ಮಗಳು ಒಂದು ಕೊತ್ತಂಬರಿ ಕಡ್ಡಿಯನ್ನು ಈ ತುದಿಗೆ ಹಿಡಿದಳು. ಏನೂ ಆಗಲಿಲ್ಲ. ಆ ತುದಿಗೆ ಹಿಡಿದಳು. ಗಾಣಕ್ಕೆ ಕೊಟ್ಟ ಕಬ್ಬಿನ ಜಲ್ಲೆಯ ಹಾಗೆ ಕಡ್ಡಿ ಒಂದೇ ಸಮನೆ ಒಳಗೆ ಹೋಯಿತು. "ಓ, ಇಲ್ಲಿದೆ ಬಾಯಿ" ಎಂದರು ಅಮ್ಮ. ಹೆಸರಿಟ್ಟವರೂ ಅವರೇ: ಚೌರಿ. ಗಿಡ್ಡ ಜಡೆಯವರು ಉದ್ದ ಕಾಣಲೆಂದು ಸೇರಿಸಿ ಹೆಣೆದುಕೊಳ್ಳುತ್ತಿದ್ದ ಕೂದಲಿನ ಕಂತೆ ಅದು. ಅಮ್ಮನ ಟ್ರಂಕಿನಲ್ಲಿ ಇವತ್ತಿಗೂ ಒಂದಿದೆ.

ಮಗಳ ಸಹಪಾಠಿಯ ಮನೆಯವರು ಬೆಂಗಳೂರು ಬಿಟ್ಟು ಹೊರಟಾಗ ಚೌರಿ ನಮ್ಮ ಪಾಲಿಗೆ ಬಂತು. ಜೊತೆಗೆ ಕಡ್ಲೆ ಎನ್ನುವ ಗಿಡ್ಡಕೂದಲಿನ ಇನ್ನೊಂದು. ಗಿನಿ ಪಿಗ್ ಒಂಟಿಯಾಗಿ ಬಾಳುವ ಜೀವವಲ್ಲ. ಪಂಜರದೊಂದಿಗೆ ಅವರು ಒಂದು ಬಾಚಣಿಗೆಯನ್ನೂ ಒಂದು ಮಾತನ್ನೂ ಕೊಟ್ಟು ಹೋದರು: "ದಿನಾ ಬಾಚಿ". ಆ ಎರಡು ಪದದ ಹಿಂದೆ ನೂರು ವರ್ಷಕ್ಕೂ ಹಳೆಯ ಒಂದು ಕಸುಬೇ ಇದೆ ಎಂದು ನನಗೆ ತಿಳಿದದ್ದು, ಬಾಚದೆ ಒಂದು ವಾರ ಬಿಟ್ಟ ಮೇಲೆ.

ಹೆಸರಿನಲ್ಲಿ ಏನಿದ್ದರೂ ಇದು ಗಿನಿ ದೇಶದ್ದಲ್ಲ, ಹಂದಿಯೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನ ಮಾಂಸಕ್ಕೆಂದು ಸಾವಿರಾರು ವರ್ಷಗಳಿಂದ, ನಮ್ಮಲ್ಲಿ ಹಿತ್ತಿಲಲ್ಲಿ ಕೋಳಿ ಸಾಕುವ ಹಾಗೆ, ಅಡುಗೆಮನೆಯಲ್ಲಿ ಸಾಕಿಕೊಂಡು ಬಂದ ದಂಶಕ. ಅಲ್ಲಿ ಇದರ ಹೆಸರು ಕುಯ್. ಹಸಿವಾದಾಗ ಇದು ಕೂಗುವುದನ್ನು ಕೇಳಿದರೆ ಕನ್ನಡದ ಕಿವಿಗೂ ಆ ಹೆಸರೇ ಸರಿ ಅನಿಸುತ್ತದೆ. 16ನೇ ಶತಮಾನದಲ್ಲಿ ಸ್ಪೇನಿನ ಹಡಗುಗಳೇರಿ ಯುರೋಪಿಗೆ ಬಂತು. 1580ರ ಸುಮಾರಿನ ಒಂದು ಇಂಗ್ಲಿಷ್ ವರ್ಣಚಿತ್ರದಲ್ಲಿ ಸಿರಿವಂತರ ಮನೆಯ ಮೂವರು ಮಕ್ಕಳು ನಿಂತಿದ್ದಾರೆ. ಒಬ್ಬ ಹುಡುಗಿಯ ಕೈಯಲ್ಲಿ ಗಿನಿ ಪಿಗ್ ಇದೆ. ಅದರದು ಗಿಡ್ಡ ಕೂದಲು. ಉದ್ದ ಕೂದಲಿನ ಹುಚ್ಚು ಹತ್ತಿದ್ದು ಬಹಳ ಆಮೇಲೆ.

ಸಾಧಾರಣ ಗಿನಿ ಪಿಗ್‌ನ ಕೂದಲು ಒಂದೆರಡು ಇಂಚಿಗೆ ನಿಂತುಬಿಡುತ್ತದೆ. ತಾಯಿ ತಂದೆ ಇಬ್ಬರಿಂದಲೂ ಒಂದು ನಿರ್ದಿಷ್ಟ ಜೀನು ಬಂದ ಮರಿಯಲ್ಲಿ ಅದು ಬೇಗ ನಿಲ್ಲುವುದಿಲ್ಲ, ತಿಂಗಳಿಗೆ ಸುಮಾರು ಒಂದು ಇಂಚಿನಂತೆ ಬೆಳೆಯುತ್ತಲೇ ಹೋಗುತ್ತದೆ. ಅಂಥ ಮರಿಗಳನ್ನೇ ಆರಿಸಿ, ಕೂಡಿಸಿ, ಪೀಳಿಗೆಯಿಂದ ಪೀಳಿಗೆಗೆ ಉದ್ದ ಮಾಡಿದವರು ಪ್ರದರ್ಶನಪ್ರಿಯ ಸಾಕಣೆಗಾರರು. ಪೆರುವಿಯನ್ ಎಂಬ ತಳಿಯ ಹೆಸರಿನಲ್ಲಷ್ಟೇ ಪೆರು ಇದೆ. ಅದು ಈ ರೂಪಕ್ಕೆ ಬಂದದ್ದು ಯುರೋಪಿನ ಪ್ರದರ್ಶನದ ಮೇಜುಗಳ ಮೇಲೆ.

ಹಳ್ಳಿಕಾರ್ ಎತ್ತು ಕೊಳ್ಳಲು ಹೋದವರು ಮೊದಲು ಸುಳಿ ನೋಡುತ್ತಾರಲ್ಲ, ಇಲ್ಲೂ ತಳಿ ಗುರುತಿಸುವುದು ಸುಳಿಯಿಂದಲೇ. ಪೆರುವಿಯನ್‌ನ ಹಿಂಬದಿಯಲ್ಲಿ ಎರಡು ಸುಳಿ. ಅಲ್ಲಿಂದ ಕೂದಲು ಹಿಂದಕ್ಕಲ್ಲ, ಮುಂದಕ್ಕೆ ತಿರುಗಿ ತಲೆಯ ಮೇಲೆ ಹಾದು ಮುಖಕ್ಕೆ ಪರದೆ ಎಳೆಯುತ್ತದೆ. ಬೆನ್ನುದ್ದಕ್ಕೂ ಬೈತಲೆ. ಶೆಲ್ಟಿಗೆ ಸುಳಿಯೇ ಇಲ್ಲ. ಕೂದಲು ಮುಖ ಬಿಟ್ಟು ಹಿಂದಕ್ಕೆ ಹರಿಯುತ್ತದೆ. ಇದನ್ನೇ ಅಮೆರಿಕದವರು ಸಿಲ್ಕಿ ಎನ್ನುತ್ತಾರೆ. ಶೆಲ್ಟಿಯ ನೆತ್ತಿಯಲ್ಲಿ ಒಂದು ಸುಳಿ ಇದ್ದರೆ ಕರೋನೆಟ್. ಶೆಲ್ಟಿಯ ಕೂದಲು ಗುಂಗುರಾದರೆ ಟೆಕ್ಸೆಲ್. ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಇದನ್ನು ಅಮೆರಿಕದ ಸಾಕಣೆದಾರರ ಸಂಘ 1998ರಲ್ಲಿ ಮಾನ್ಯ ಮಾಡಿತು. ಇನ್ನೂ ಇವೆ, ಗುಂಗುರು ಪೆರುವಿಯನ್‌ಗೆ ಅಲ್ಪಾಕಾ, ಗುಂಗುರು ಕರೋನೆಟ್‌ಗೆ ಮೆರಿನೊ ಎಂದೆಲ್ಲ. ನಮ್ಮ ಚೌರಿ, ಕೊತ್ತಂಬರಿ ಪರೀಕ್ಷೆಯ ಪ್ರಕಾರ, ಪೆರುವಿಯನ್ ಕಡೆಯದು.

ಈ ಕೂದಲನ್ನು ನೆಲಕ್ಕೆ ತಾಗದಂತೆ, ಉಚ್ಚೆಯಲ್ಲಿ ತೋಯದಂತೆ, ಹುಲ್ಲಿಗೆ ಸಿಕ್ಕದಂತೆ ವರ್ಷಗಟ್ಟಲೆ ಕಾಯುವುದು ಹೇಗೆ? ಬ್ರಿಟನ್ನಿನ ಹವ್ಯಾಸಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅವರು ಗಿನಿ ಪಿಗ್ ಎನ್ನುವುದು ಕಡಿಮೆ, 'ಕೇವಿ' ಎನ್ನುತ್ತಾರೆ; ಅವರಿಗೆ ಕ್ಲಬ್ಬುಗಳಿವೆ, ಬ್ರಿಟಿಷ್ ಕೇವಿ ಕೌನ್ಸಿಲ್ ಎಂಬ ಮೇಲ್ಮಂಡಳಿಯಿದೆ, ತಳಿಗೊಂದು ಲಕ್ಷಣಶಾಸ್ತ್ರವಿದೆ. ಪೆರುವಿಯನ್ ಮರಿಗೆ ಎರಡು ಮೂರು ತಿಂಗಳಾಗಿ ಹಿಂಬದಿಯ ಕೂದಲು ನೆಲ ಮುಟ್ಟುವಷ್ಟಾದಾಗ ಮೊದಲ 'ರ‍್ಯಾಪ್' ಬೀಳುತ್ತದೆ. ಕಂದು ಕಾಗದದ ಅಥವಾ ಹತ್ತಿಬಟ್ಟೆಯ ಒಂದು ಪಟ್ಟಿ. ಅದು ಮುದುಡದಿರಲೆಂದು ಒಳಗೆ ಬಾಲ್ಸಾ ಮರದ ಹಗುರ ಸೀಳು. ಕೂದಲನ್ನು ಬಾಚಿ, ಪಟ್ಟಿಯ ಮೇಲೆ ನೀಳವಾಗಿ ಮಲಗಿಸಿ, ಎರಡೂ ಅಂಚು ಮುಚ್ಚಿ, ತುದಿಯಿಂದ ಬುಡದವರೆಗೆ ಮಡಚುತ್ತ ಬಂದು ರಬ್ಬರ್‌ಬ್ಯಾಂಡ್ ಹಾಕುತ್ತಾರೆ. ಬುಡದಲ್ಲಿ ಚರ್ಮ ಜಗ್ಗಬಾರದು, ಹಾಗೆಂದು ಸಡಿಲವಾಗಿ ಜಾರಲೂಬಾರದು. ಕೂದಲು ಬೆಳೆದಂತೆ ಪಕ್ಕೆಗಳಿಗೊಂದೊಂದು, ಆಮೇಲೆ ಇನ್ನಷ್ಟು. ದಿನವೋ ದಿನ ಬಿಟ್ಟು ದಿನವೋ ಎಲ್ಲ ಬಿಚ್ಚಬೇಕು, ಬಾಚಬೇಕು, ಮತ್ತೆ ಕಟ್ಟಬೇಕು. ಒಂದು ದಿನ ಉದಾಸೀನ ಮಾಡಿದರೆ ಪ್ರಾಣಿಯೇ ಆ ಪೊಟ್ಟಣವನ್ನು ಹಲ್ಲಿನಿಂದ ಕತ್ತರಿಸಿ ಒಂದು ವರ್ಷದ ಫಸಲನ್ನು ಒಂದು ರಾತ್ರಿಯಲ್ಲಿ ಮುಗಿಸಿಬಿಟ್ಟೀತು.

ಪ್ರದರ್ಶನದ ದಿನ ಗೋಣಿತಟ್ಟು ಹೊದಿಸಿದ ಪುಟ್ಟ ಮಣೆಯ ಮೇಲೆ ಅದನ್ನು ಕೂರಿಸುತ್ತಾರೆ. ಗೋಣಿಯ ತರಿಗೆ ಕೂದಲು ಜಾರದೆ ಹರಡಿ ನಿಲ್ಲುತ್ತದೆ. ತೀರ್ಪಿಗೆ ಮುನ್ನ ಪೊಟ್ಟಣಗಳೆಲ್ಲ ಬಿಚ್ಚಿ, ಬೈತಲೆ ತಿದ್ದಿ, ಬಾಚಿ ಬಿಟ್ಟರೆ ಮಣೆಯ ನಾಲ್ಕೂ ಅಂಚಿಗೆ ರೇಷ್ಮೆ ಇಳಿಬಿಟ್ಟ ಹಾಗೆ. ತೀರ್ಪುಗಾರರು ಕೂದಲಿನ ಉದ್ದ, ದಟ್ಟಣೆ, ನಯ ನೋಡುತ್ತಾರೆ. ಪ್ರಾಣಿ ಕಲ್ಲಿನಂತೆ ಕೂತಿರುತ್ತದೆ. ಹಾಗೆ ಕೂರುವುದನ್ನೂ ಮರಿಯಿಂದಲೇ ಕಲಿಸಿರುತ್ತಾರೆ. ಅಮ್ಮನಿಗೆ ಒಂದು ವಿಡಿಯೊ ತೋರಿಸಿದೆ. "ಮೊಗ್ಗಿನ ಜಡೆ ಹಾಕಿಸಿಕೊಂಡ ಮದುವಣಗಿತ್ತಿ ಕಣೇ. ಒರಗೋ ಹಾಗಿಲ್ಲ, ಮಲಗೋ ಹಾಗಿಲ್ಲ" ಎಂದರು.

ಆ ಹೋಲಿಕೆಯಲ್ಲಿ ನನ್ನ ಅಭಿಪ್ರಾಯವೂ ಇದೆ. ಮೊಗ್ಗಿನ ಜಡೆ ಒಂದು ದಿನದ್ದು. ಇದು ಪ್ರಾಯದ ಅಷ್ಟೂ ಕಾಲದ್ದು. ಕೂದಲು ಕಚ್ಚುವ ಜೊತೆಗಾರರಿಂದ ಕಾಪಾಡಲೆಂದು ಇಂಥವನ್ನು ಸಾಮಾನ್ಯವಾಗಿ ಒಂಟಿಯಾಗಿಯೇ ಇಡುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಆದರೂ ಈ ಜನರನ್ನು ಸುಮ್ಮನೆ ತೆಗಳಲಾರೆ. ದಿನಾ ಕೈಯಾಡಿಸುವವರಿಗೆ ಒಂದು ಕಜ್ಜಿ, ಒಂದು ಗಂಟು, ಒಂದಿಷ್ಟು ತೂಕದ ಇಳಿತ ತಪ್ಪಿ ಹೋಗುವುದಿಲ್ಲ. ಮನೆಯಲ್ಲಿ ಮುದ್ದಿಗೆ ಸಾಕಿ ಮರೆಯುವ ನಮ್ಮಂಥವರಿಗೆ ಆ ಶಿಸ್ತು ಎಲ್ಲಿದೆ? ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಪ್ರದರ್ಶನದ ಆಯುಷ್ಯ ಮುಗಿದ ಚಾಂಪಿಯನ್‌ಗೂ ಅವರು ಕೊನೆಗೆ ಮಾಡುವುದು ಒಂದೇ: ಕತ್ತರಿ ತೆಗೆದು ಅಷ್ಟನ್ನೂ ಇಳಿಸಿಬಿಡುತ್ತಾರೆ. ಈ ಕೂದಲು ಹೊತ್ತು ಸಾಮಾನ್ಯ ಬದುಕು ಬಾಳಲಾಗದು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಕನ್ನಡದಲ್ಲಿ ಜಡೆ ಎಂದರೆ ಹೆಣೆದದ್ದೂ ಹೌದು, ಸನ್ಯಾಸಿಯ ತಲೆಯ ಮೇಲೆ ಗಂಟುಗಟ್ಟಿದ್ದೂ ಹೌದು. ಉದ್ದಕೂದಲಿನ ಗಿನಿ ಪಿಗ್‌ಗೆ ಇರುವುದೂ ಈ ಎರಡು ದಾರಿಗಳೇ, ಮೂರನೆಯದು ಕತ್ತರಿ. ನಮ್ಮ ಚೌರಿ ವಾರದೊಳಗೆ ಎರಡನೆಯ ದಾರಿ ಹಿಡಿಯಿತು. ಹಿಂಬದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಜಡೆ, ಅದರೊಳಗೆ ಹುಲ್ಲು, ಹಿಕ್ಕೆ, ತೇವ. ಇದು ಅಂದಚಂದದ ಮಾತಲ್ಲ. ಗಿನಿ ಪಿಗ್ ತನ್ನ ಮೆತ್ತನೆಯ ಹಿಕ್ಕೆಯನ್ನು ನೇರ ಬಾಯಿಗೆ ತೆಗೆದುಕೊಂಡು ಮತ್ತೆ ತಿನ್ನುತ್ತದೆ. ಅದರ ಜೀರ್ಣಕ್ರಿಯೆ ನಡೆಯುವುದೇ ಹಾಗೆ. ಜಡೆ ಅಡ್ಡ ಬಂದರೆ ಅದೂ ತಪ್ಪುತ್ತದೆ. ಮಳೆಗಾಲದಲ್ಲಿ ಹಸಿ ಕೂದಲಿಗೆ ನೊಣ ಕೂತು ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಆಮೇಲೆ ಪಶುವೈದ್ಯರ ಬಳಿಗೆ ಓಡಬೇಕು, ಅದೂ ಹೊತ್ತು ಮೀರುವ ಮೊದಲು.

ಹೆದರಿ ಮೊದಲ ಸಲ ಸಾಕುಪ್ರಾಣಿಗಳ ಒಂದು ಸಲೂನಿಗೆ ಒಯ್ದೆ. ಅಲ್ಲಿಯ ಹುಡುಗ ನಾಯಿಗಳ ಕೂದಲು ತೆಗೆಯುವ ಮೆಷಿನ್ ಹಚ್ಚಿದ. ಚೌರಿ ಅಲುಗಾಡಲಿಲ್ಲ. "ಎಷ್ಟು ಸಾಧು ನೋಡಿ ಮೇಡಂ" ಎಂದ. ಮೈ ಬೆಳ್ಳಗೆ ಕಾಣುವಷ್ಟು ಬೋಳಿಸಿ ಕೊಟ್ಟ. ಮನೆಗೆ ಬಂದ ಮೇಲೂ ಸಂಜೆವರೆಗೆ ಅದು ಅಲುಗಾಡಲಿಲ್ಲ, ಮೇವು ಮುಟ್ಟಲಿಲ್ಲ. ಅದು ಸಾಧುತನ ಅಲ್ಲ, ಭಯ. ಹದ್ದು ಕಂಡಾಗ ಸ್ತಬ್ಧವಾಗಿ ಕೂರುವುದು ಇವುಗಳ ರಕ್ತದಲ್ಲೇ ಇದೆ. ಚರ್ಮ ಕಾಣುವಷ್ಟು ಬೋಳಿಸಲೂಬಾರದು, ಚಳಿಗೂ ಗಾಯಕ್ಕೂ ಆ ತೆಳು ಚರ್ಮ ತಾಳದು ಎಂದು ಆಮೇಲೆ ವೈದ್ಯರು ಹೇಳಿದರು.

ಅಂದಿನಿಂದ ಚೌರ ಮನೆಯಲ್ಲೇ. ಮಂಗಳವಾರ ಬೇಡ, ಶುಕ್ರವಾರ ಬೇಡ, ಅಮಾವಾಸ್ಯೆ ಬೇಡ ಎಂದು ಅಮ್ಮನ ಕಟ್ಟಪ್ಪಣೆ. ಗಿನಿ ಪಿಗ್‌ಗೆ ಯಾವ ಅಮಾವಾಸ್ಯೆ ಎಂದರೆ, "ಕತ್ತರಿ ಹಿಡಿಯೋಳು ನೀನಲ್ಲವೇ?" ಹಾಗಾಗಿ ಮೂರು ವಾರಕ್ಕೊಮ್ಮೆ ಭಾನುವಾರ ಬೆಳಗ್ಗೆ.

ಊಟದ ಮೇಜಿನ ಮೇಲೆ ಹಳೆಯ ಟವೆಲ್. ಮಗಳ ಕೈಯಲ್ಲಿ ದಪ್ಪ ಮೆಣಸಿನಕಾಯಿಯ ಹೋಳು. ಇದು ಬರೀ ಲಂಚವಲ್ಲ, ನಮ್ಮ ದೇಹದಂತೆ ಇದರ ದೇಹವೂ ಸಿ ವಿಟಮಿನ್ ತಯಾರಿಸಲಾರದು, ಮೇವಿನಿಂದಲೇ ಸಿಗಬೇಕು. ಕೊರತೆಯಾದರೆ ಮೊದಲು ಒರಟಾಗುವುದರಲ್ಲಿ ಕೂದಲೂ ಒಂದು. ಬಾಚುವವರು ಅಮ್ಮ. ಹುಲ್ಲಿನ ಕಡ್ಡಿಗಳನ್ನು ಮೊದಲು ಬೆರಳಲ್ಲೇ ಹೆಕ್ಕುತ್ತಾರೆ. ಸಿಕ್ಕು ಸಿಕ್ಕಿದರೆ ಎಡಗೈಯ ಎರಡು ಬೆರಳಲ್ಲಿ ಸಿಕ್ಕಿಗೂ ಚರ್ಮಕ್ಕೂ ನಡುವೆ ಕೂದಲ ಬುಡವನ್ನು ಗಟ್ಟಿಯಾಗಿ ಹಿಡಿದು, ಬಲಗೈಯಲ್ಲಿ ತುದಿಯಿಂದ ಮೇಲಕ್ಕೆ ಒಂದೊಂದೇ ಎಳೆ ಬಿಡಿಸುತ್ತಾರೆ. ಎಳೆತ ಬೆರಳಲ್ಲೇ ನಿಲ್ಲುತ್ತದೆ, ಚರ್ಮಕ್ಕೆ ತಾಕುವುದಿಲ್ಲ. ಕೇವಿ ಸಾಕುವವರು ಹೊಸಬರಿಗೆ ಮೊದಲು ಹೇಳಿಕೊಡುವುದೂ ಇದನ್ನೇ. ಅಮ್ಮನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹತ್ತು ವರ್ಷ ನನಗೆ ಎರಡು ಜಡೆ ಹಾಕಿ ಟೇಪು ಕಟ್ಟಿ ಶಾಲೆಗೆ ಕಳಿಸಿದ ಕೈ ಅದು.

ಬಿಡಿಸಲಾಗದ ಗಂಟಿಗೆ ಮಾತ್ರ ಕತ್ತರಿ. ಇಲ್ಲಿ ಅಪಾಯ ಹೆಚ್ಚು. ಬಿಗಿದ ಗಂಟು ಚರ್ಮವನ್ನೂ ಡೇರೆಯ ಹಾಗೆ ಮೇಲಕ್ಕೆ ಎತ್ತಿರುತ್ತದೆ; ಕೂದಲೆಂದು ಕತ್ತರಿಸಿದರೆ ಚರ್ಮವೇ ಹೋದೀತು. ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ, ಅದರ ಮೇಲೆ ಮಾತ್ರ ಮೊಂಡು ತುದಿಯ ಕತ್ತರಿ ಆಡಿಸಬೇಕು. ಆಮೇಲೆ ಸುತ್ತಲಿನ ಕೂದಲನ್ನು ಕೆಳಕ್ಕೆ ಬಾಚಿ, ನೆಲದಿಂದ ಒಂದಿಂಚು ಮೇಲಕ್ಕೆ ಲಂಗದ ಅಂಚು ಮಡಿಸಿದ ಹಾಗೆ ಸಮ ಮಾಡುತ್ತೇನೆ. ಹಿಂಬದಿ ಇನ್ನೂ ಗಿಡ್ಡ, ಕೊಳೆಯಾಗುವುದು ಅಲ್ಲೇ. ಕಣ್ಣಿನ ಮೇಲಿನದನ್ನು ಕತ್ತರಿ ಮುಖಕ್ಕೆ ಗುರಿಯಾಗದಂತೆ ಅಡ್ಡ ಹಿಡಿದು ಕತ್ತರಿಸಬೇಕು. ಹೊಟ್ಟೆಯ ಕಡೆ ಹೋದರೆ ಬೆರಳಿಂದ ಮೊದಲು ತಡಕಬೇಕು. ಎರಡು ಮೊಲೆತೊಟ್ಟುಗಳಿವೆ, ಗಂಡಿಗೂ ಇರುತ್ತವೆ, ಕೂದಲಲ್ಲಿ ಕಾಣುವುದಿಲ್ಲ.

ಕಿವಿಯ ಹಿಂದೆ ಬೋಳು ಚುಕ್ಕೆ ಕಂಡು ಮೊದಲ ಸಲ ಗಾಬರಿಯಾಗಿದ್ದೆ. ಅದು ಎಲ್ಲ ಗಿನಿ ಪಿಗ್‌ಗಳಿಗೂ ಇರುವಂಥದ್ದು. ಬಾಲ ಇರಬೇಕಾದ ಜಾಗದ ಮೇಲೆ ಒಂದು ಗ್ರಂಥಿಯಿದೆ, ಅಂಟಂಟು ಜಿಡ್ಡು ಸುರಿಸುತ್ತದೆ, ಗಂಡಿನಲ್ಲಿ ಹೆಚ್ಚು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಜಿಡ್ಡು ಬಿಡುತ್ತದೆ. ಕೊನೆಗೆ ಉಗುರು: ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಮೂರು, ಒಟ್ಟು ಹದಿನಾಲ್ಕು. ಅಷ್ಟರೊಳಗೆ ಚೌರಿ ಹಲ್ಲು ಕಟಕಟ ಎನ್ನಿಸಿದರೆ ಅವತ್ತಿಗೆ ಸಾಕು ಎಂದರ್ಥ, ಉಗುರು ನಾಳೆಗೆ. ಏಪ್ರಿಲ್‌ನಲ್ಲಿ ಮಾತ್ರ ಕೂದಲನ್ನು ಇನ್ನೂ ಅರ್ಧ ಇಂಚು ಇಳಿಸುತ್ತೇನೆ. ಬೆವರಲಾಗದ ಜೀವ, ಮೂವತ್ತು ಡಿಗ್ರಿ ದಾಟಿದರೆ ಇದಕ್ಕೆ ಪ್ರಾಣಸಂಕಟ.

ಕೆಳಗಿಳಿಸಿದ ಕೂಡಲೇ ಕಡ್ಲೆ ಬಂದು ಮೂಸುತ್ತದೆ, ಇದು ಯಾರೋ ಹೊಸಬರೆಂಬಂತೆ. ಚೌರಿ ಒಂದು ಗಳಿಗೆ ಸುಮ್ಮನಿದ್ದು, ನಾಲ್ಕೂ ಕಾಲು ನೆಲ ಬಿಟ್ಟು ಹುರಿದ ಜೋಳ ಸಿಡಿದ ಹಾಗೆ ನೆಗೆಯುತ್ತದೆ. ಈಗ ಅದಕ್ಕೆ ಎರಡು ಕಣ್ಣು, ಒಂದು ಮೂಗು, ಸ್ಪಷ್ಟವಾದ ಒಂದು ಮುಖ.

ಮೇಜಿನ ಮೇಲೆ ಬಿದ್ದ ಕೂದಲನ್ನು ಅಮ್ಮ ನೀಳವಾಗಿ ಜೋಡಿಸಿ, ಪೇಪರಿನ ಪಟ್ಟಿಯಲ್ಲಿಟ್ಟು, ಎರಡು ಅಂಚು ಮುಚ್ಚಿ, ತುದಿಯಿಂದ ಮಡಚುತ್ತ ಬಂದು ಹೂವಿನ ಪೊಟ್ಟಣದ ಹಳೆಯ ರಬ್ಬರ್‌ಬ್ಯಾಂಡ್ ಹಾಕಿದರು. ಕಸದ ಬುಟ್ಟಿಯವರೆಗೆ ಹೋದವರು ನಿಂತು ಪೊಟ್ಟಣದ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಟ್ರಂಕಲ್ಲಿರೋದಕ್ಕಿಂತ ಇದೇ ನಯವಾಗಿದೆ ಕಣೇ."