ಬೆಲ್ಲು ಬೇಡ, ಸ್ಟ್ಯಾಂಡು ಬೇಡ, ಮುಂದಿನ ಬ್ರೇಕಂತೂ ಬೇಡವೇ ಬೇಡ!

ಮಕ್ಕಳು ಹಟ ಹಿಡಿದರು ಅಂತ ಹೊಸ ಸೈಕಲ್ ಕೊಡಿಸಿರುತ್ತೀರಿ. ಅಂಗಡಿಯಿಂದ ಬರುವಾಗ ಅದಕ್ಕೆ ಬೆಲ್ಲು, ಮಡ್‌ಗಾರ್ಡು, ಚೈನ್ ಕವರ್ರು, ಸ್ಟ್ಯಾಂಡು, ಹಿಂದೊಂದು ಕೆಂಪು ರಿಫ್ಲೆಕ್ಟರ್ರು ಎಲ್ಲವೂ ಇರುತ್ತದೆ. ತಿಂಗಳು ಕಳೆಯುವುದರೊಳಗೆ ನೋಡಿ, ಅದೇ ಸೈಕಲ್ಲು ರೆಕ್ಕೆಪುಕ್ಕ ಕಿತ್ತ ಕೋಳಿಯ ಹಾಗೆ ಗೇಟಿಗೆ ಒರಗಿ ನಿಂತಿರುತ್ತದೆ! ಕೇಳಿದರೆ, ‘ಅಮ್ಮಾ, ಅದೆಲ್ಲ ಇದ್ರೆ ಹಾಲಿನ ಅಂಕಲ್ ಸೈಕಲ್ ಥರ ಕಾಣ್ಸುತ್ತೆ’ ಎಂಬ ಉತ್ತರ ಸಿದ್ಧ.

ಮಕ್ಕಳಷ್ಟೇ ಅಲ್ಲ ಬಿಡಿ. ಸೈಕಲ್ ತುಳಿಯುವ ಪ್ರತಿಯೊಬ್ಬರಿಗೂ ನಂಬಿಕೆಯಿಲ್ಲದ ಭಾಗ ಒಂದಾದರೂ ಇದ್ದೇ ಇರುತ್ತದೆ. ಅಜ್ಜನಿಗೆ ಗೇರ್ ಕಂಡರೆ ಆಗದು, ಅಪ್ಪನಿಗೆ ಡಿಸ್ಕ್ ಬ್ರೇಕ್ ಮೇಲೆ ಅನುಮಾನ, ಮಗಳಿಗೆ ಮುಂದಿನ ಬುಟ್ಟಿ ಎಂದರೆ ನಾಚಿಕೆ. ಇದು ಹೊಸ ಕಾಯಿಲೆಯೂ ಅಲ್ಲ. ಪ್ರಖ್ಯಾತ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು ಶುರು ಮಾಡಿದ ಆನ್ರಿ ದೆಗ್ರಾಂಜ್ ಅವರಿಗೆ ಗೇರ್ ಬದಲಿಸುವ ಸಾಧನ ಕಂಡರೆ ಎಷ್ಟು ತಾತ್ಸಾರವಿತ್ತೆಂದರೆ, ಅಲ್ಲಿನ ಸವಾರರಿಗೆ ಅದನ್ನು ಬಳಸಲು ಅನುಮತಿ ಸಿಕ್ಕಿದ್ದೇ 1937ರಲ್ಲಿ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಡನ್‌ಲಪ್ ತನ್ನ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಕಟ್ಟಿಕೊಟ್ಟ. ಆ ಉಬ್ಬಿದ ಟೈರು ನೋಡಿ ನಕ್ಕವರೇ ಹೆಚ್ಚು. ಮರುವರ್ಷ ವಿಲ್ಲಿ ಹ್ಯೂಮ್ ಎಂಬ ಸವಾರ ಅದೇ ಟೈರು ಹಾಕಿಕೊಂಡು ರೇಸ್ ಗೆದ್ದ ಮೇಲೆಯೇ ನಗು ನಿಂತಿದ್ದು.

ಆದ್ದರಿಂದ ಮನೆಯಲ್ಲಿ ಯಾರಾದರೂ ‘ನಂಗೆ ಇದು ಬೇಡ’ ಎಂದಾಗ ಬೈಯಲೂ ಹೋಗಬೇಡಿ, ಹೂಂ ಅನ್ನಲೂ ಹೋಗಬೇಡಿ. ಆ ಬೇಡ ಎನ್ನುವುದು ಅನುಭವದಿಂದ ಬಂದದ್ದೋ, ಭಯದಿಂದಲೋ, ಬರೀ ಸ್ಟೈಲಿಗೋ ಅಂತ ಒಂದು ಕ್ಷಣ ಯೋಚಿಸಿ. ಕೆಲವು ವಿಷಯಗಳಲ್ಲಿ ಮಕ್ಕಳು ಹೇಳುವುದೇ ಸರಿಯಿರುತ್ತದೆ. ಕೆಲವದರಲ್ಲಿ ಮಾತ್ರ ನೀವು ಜಪ್ಪಯ್ಯ ಅಂದರೂ ಬಿಡಬಾರದು.

ಬಿಡಲೇಬಾರದ ಒಂದು

ಅದು ಮುಂದಿನ ಬ್ರೇಕು. ‘ಮುಂದಿನ ಬ್ರೇಕ್ ಹಿಡಿದ್ಯೋ, ಪಲ್ಟಿ ಹೊಡೀತೀಯ ನೋಡು!’ ಸೈಕಲ್ ಕಲಿಸುವಾಗ ಅಣ್ಣಂದಿರು, ಮಾವಂದಿರು ಎಲ್ಲರೂ ಹೇಳಿಕೊಡುವ ಮೊದಲ ಪಾಠವೇ ಇದು. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ತುಳಿದು ಕಲಿತ ನಮ್ಮ ಹಿರಿಯರಿಗೂ ಇದೇ ಪಾಠ ಸಿಕ್ಕಿತ್ತು. ಹಾಗಾಗಿ ಎಷ್ಟೋ ಸೈಕಲ್ಲುಗಳಲ್ಲಿ ಮುಂದಿನ ಬ್ರೇಕಿನ ವೈರು ತುಂಡಾಗಿ ತಿಂಗಳುಗಟ್ಟಲೆಯಾದರೂ ಕೇಳುವವರೇ ಇಲ್ಲ. ಹಿಂದಿನದು ಇದೆಯಲ್ಲ, ಸಾಕು ಅಂತ.

ಸಾಕಾಗುವುದಿಲ್ಲ! ಬಸ್ಸಿನಲ್ಲಿ ನಿಂತಿದ್ದಾಗ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಏನಾಗುತ್ತದೆ ನೆನಪಿಸಿಕೊಳ್ಳಿ. ಎಲ್ಲರೂ ಮುಂದಕ್ಕೆ ವಾಲುತ್ತೇವಲ್ಲವೇ? ಸೈಕಲ್ಲಿನಲ್ಲೂ ಅಷ್ಟೇ. ಬ್ರೇಕ್ ಹಿಡಿದ ಕೂಡಲೇ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ರಸ್ತೆಯ ಮೇಲೆ ಹಿಡಿತ ಕಡಿಮೆ. ಅದನ್ನು ಮಾತ್ರ ಹಿಡಿದರೆ ಸೈಕಲ್ಲು ನಿಲ್ಲುವುದರ ಬದಲು ಸರ್ರನೆ ಜಾರಿಕೊಂಡು ಹೋಗುತ್ತದೆ. ಒಣಗಿದ, ಸಮತಟ್ಟಾದ ರಸ್ತೆಯಲ್ಲಿ ಸೈಕಲ್ಲನ್ನು ನಿಲ್ಲಿಸುವ ಬಲ ಹೆಚ್ಚಾಗಿ ಬರುವುದೇ ಮುಂದಿನ ಬ್ರೇಕಿನಿಂದ. ಅಡ್ಡರಸ್ತೆಯಿಂದ ಆಟೊ ನುಗ್ಗಿದಾಗ ನಿಮ್ಮ ಮಗ ಎಷ್ಟು ಅಡಿಯೊಳಗೆ ನಿಲ್ಲುತ್ತಾನೆ ಎನ್ನುವುದು ಇದರ ಮೇಲೆ ನಿಂತಿದೆ.

ಹಾಗಂತ ಪಲ್ಟಿಯ ಭಯ ಪೂರ್ತಿ ಸುಳ್ಳೂ ಅಲ್ಲ. ಇಳಿಜಾರಿನಲ್ಲಿ ವೇಗವಾಗಿ ಹೋಗುವಾಗ, ಮೈಯನ್ನು ಮುಂದಕ್ಕೆ ಬಗ್ಗಿಸಿಕೊಂಡು, ಮುಂದಿನ ಬ್ರೇಕನ್ನಷ್ಟೇ ಒಮ್ಮೆಲೇ ಅದುಮಿದರೆ ಮುಗ್ಗರಿಸುವುದು ಖಂಡಿತ. ಮರಳು, ಒದ್ದೆ ರಸ್ತೆ, ತಿರುವುಗಳಲ್ಲೂ ಮುಂದಿನ ಚಕ್ರ ಜಾರಬಹುದು. ಅದಕ್ಕೇ ಅಭ್ಯಾಸ ಬೇಕು. ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ. ನಿಧಾನವಾಗಿ ಬಂದು ಎರಡೂ ಬ್ರೇಕನ್ನು ಒಟ್ಟಿಗೇ ಹಿಡಿಯಲಿ. ಹ್ಯಾಂಡಲ್ ನೆಟ್ಟಗಿರಲಿ, ಮೈ ಸೀಟಿನ ಹಿಂಭಾಗಕ್ಕೆ ಸರಿಯಲಿ, ಕೈ ಒತ್ತಡ ಸ್ವಲ್ಪಸ್ವಲ್ಪವೇ ಹೆಚ್ಚಲಿ. ನಾಲ್ಕೈದು ಸಲ ಇದನ್ನು ಮಾಡಿದ ಮಗು ಮತ್ತೆ ಆ ಬ್ರೇಕಿಗೆ ಹೆದರುವುದಿಲ್ಲ. ಅದಕ್ಕೂ ಮುಂಚೆ ಯಾವ ಕೈಯದ್ದು ಯಾವ ಚಕ್ರದ ಬ್ರೇಕು ಅಂತ ನೀವೇ ಒತ್ತಿ ನೋಡಿಕೊಳ್ಳಿ.

ಇನ್ನೊಂದು ಮಾತು. ‘ಬ್ರೇಕೇ ಹಿಡಿಯಲ್ಲಮ್ಮ’ ಎಂದು ಮಗು ಹೇಳಿದರೆ ಅದರ ಬೆರಳನ್ನೂ ನೋಡಿ. ಪುಟ್ಟ ಕೈಗೆ ಬ್ರೇಕ್ ಲಿವರ್ ಎಟುಕುತ್ತಿರುವುದಿಲ್ಲ ಅಷ್ಟೇ. ಬಹಳಷ್ಟು ಸೈಕಲ್ಲುಗಳಲ್ಲಿ ಲಿವರ್ ಪಕ್ಕದಲ್ಲೇ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಲಿವರ್ ಹ್ಯಾಂಡಲಿನ ಹತ್ತಿರಕ್ಕೆ ಬರುತ್ತದೆ. ಸೈಕಲ್ ಶಾಪಿನವರಿಗೆ ಹೇಳಿದರೆ ಎರಡು ನಿಮಿಷದ ಕೆಲಸ.

ಮತ್ತೆ ದಯವಿಟ್ಟು, ಬ್ರೇಕು ಕೀರಲು ದನಿ ಮಾಡುತ್ತದೆ ಅಂತ ಕೊಬ್ಬರಿ ಎಣ್ಣೆಯನ್ನೋ ಹೊಲಿಗೆ ಮೆಷಿನ್ ಎಣ್ಣೆಯನ್ನೋ ಬಿಡಬೇಡಿ! ಶಬ್ದದ ಜೊತೆಗೆ ಬ್ರೇಕೂ ಹೋಗುತ್ತದೆ. ಎಣ್ಣೆ ಚೈನಿಗೆ ಮಾತ್ರ. ರಿಮ್ಮಿಗೆ ತಾಗಿದ್ದರೆ ಸೋಪಿನ ನೀರಿನಲ್ಲಿ ತೊಳೆದು ಒರೆಸಿ, ಎಣ್ಣೆ ಹೀರಿದ ಬ್ರೇಕ್ ರಬ್ಬರನ್ನು ಬದಲಿಸಿಬಿಡಿ. ಫಳಫಳ ಹೊಳೆಯುವ ಸ್ಟೀಲ್ ರಿಮ್ಮಿನ ಸೈಕಲ್ಲಾದರೆ ಮಳೆಯಲ್ಲಿ ಬ್ರೇಕು ತಡವಾಗಿ ಹಿಡಿಯುತ್ತದೆ ಎಂಬುದನ್ನೂ ಮಗುವಿಗೆ ಹೇಳಿಕೊಟ್ಟಿರಿ.

ಮಕ್ಕಳ ಮಾತು ಕೇಳಬೇಕಾದ ಕಡೆ

ಪುಟ್ಟ ಸೈಕಲ್ಲಿನ ಎರಡೂ ಬದಿಗೆ ಹಾಕುವ ಸೈಡ್ ವೀಲ್ ಇದೆಯಲ್ಲ, ಅದನ್ನು ತೆಗೆಸಿ ಅಂತ ಮಗುವೇ ಕೇಳಿದರೆ ಕುಣಿದಾಡಿ! ಬೀಳದಿರಲಿ ಅಂತ ನಾವು ಅದನ್ನು ಹಾಕಿಸುತ್ತೇವೆ, ಸರಿ. ಆದರೆ ಅದರಿಂದ ಪೆಡಲು ತುಳಿಯುವುದು ಬರುತ್ತದೆಯೇ ಹೊರತು ಬ್ಯಾಲೆನ್ಸು ಬರುವುದಿಲ್ಲ. ಎರಡು ಚಕ್ರದ ಸೈಕಲ್ಲು ಎಡಕ್ಕೆ ತಿರುಗಬೇಕಾದರೆ ಎಡಕ್ಕೇ ವಾಲಬೇಕು. ಸೈಡ್ ವೀಲ್ ಇದ್ದರೆ ವಾಲಲು ಆಗುವುದೇ ಇಲ್ಲ, ತಿರುವಿನಲ್ಲಿ ಮಗು ಹೊರಕ್ಕೆ ಓಲಾಡುತ್ತದೆ. ಆಮೇಲೆ ಅದನ್ನು ತೆಗೆದ ದಿನ ಎಲ್ಲ ಮೊದಲಿನಿಂದ ಶುರು.

ಇದಕ್ಕಿಂತ ಒಳ್ಳೆಯ ಉಪಾಯವಿದೆ. ಸೈಡ್ ವೀಲಿನ ಜೊತೆಗೆ ಪೆಡಲನ್ನೂ ಬಿಚ್ಚಿಸಿಬಿಡಿ! ಸೀಟನ್ನು ಎರಡೂ ಪಾದ ಪೂರ್ತಿ ನೆಲಕ್ಕೆ ಊರುವಷ್ಟು ತಗ್ಗಿಸಿ. ಮಗು ಕಾಲಿನಿಂದ ನೆಲ ತಳ್ಳಿಕೊಂಡು ಹೋಗಲಿ. ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ಕಾಲೆತ್ತಿ ತೇಲುವುದು. ಕೆಲವು ಮಕ್ಕಳಿಗೆ ಒಂದು ಭಾನುವಾರ ಸಾಕು, ಕೆಲವರಿಗೆ ತಿಂಗಳು ಬೇಕು. ತೇಲುವುದು ಬಂದ ಮೇಲೆ ಪೆಡಲು ಹಾಕಿಸಿ. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾಡಿದ, ಸೈಕಲ್ಲಿನ ಮುತ್ತಜ್ಜ ಎನ್ನಬಹುದಾದ ಗಾಡಿಗೆ ಪೆಡಲೇ ಇರಲಿಲ್ಲ, ದೊಡ್ಡವರೇ ಹೀಗೆ ನೆಲ ತಳ್ಳಿಕೊಂಡು ಓಡಾಡುತ್ತಿದ್ದರು. ನೀವೇ ಸ್ಪ್ಯಾನರ್ ಹಿಡಿಯುವುದಾದರೆ ಒಂದು ಗುಟ್ಟು: ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ.

‘ಈ ಸೈಕಲ್ಲೇ ಬೇಡ’ ಎಂದು ಮೂಲೆಗೆ ತಳ್ಳಿದ ಮಗುವಿನ ಮಾತನ್ನೂ ಕೇಳಿ. ಬೆಳೆಯುವ ಮಗು ಅಂತ ಯೂನಿಫಾರಂ ಥರ ಒಂದು ಸೈಜು ದೊಡ್ಡದನ್ನೇ ತಂದಿರುತ್ತಾರೆ ಮನೆಯವರು. ಕಾಲು ನೆಲಕ್ಕೆ ಎಟುಕದ ಸೈಕಲ್ಲನ್ನು ಯಾವ ಮಗು ತಾನೇ ನಂಬೀತು?

ಇನ್ನು ಗೇರು, ಶಾಕ್ ಅಬ್ಸಾರ್ಬರ್ರು. ಅಂಗಡಿಯವರು ಹಾಡಿ ಹೊಗಳುವುದು ಇವನ್ನೇ. ಮಡಿಕೇರಿಯಂಥ ಏರು ತಗ್ಗಿನ ಊರಾದರೆ ಗೇರು ನಿಜಕ್ಕೂ ಉಪಕಾರಿ. ಬಡಾವಣೆಯೊಳಗೆ ಟ್ಯೂಷನ್ನಿಗೆ ಹೋಗಿ ಬರುವ ಹತ್ತು ವರ್ಷದವನಿಗೆ ಅದು ರಿಪೇರಿಯ ಖರ್ಚು, ಅಷ್ಟೇ. ಅಗ್ಗದ ಸೈಕಲ್ಲಿನ ಶಾಕ್ ಅಬ್ಸಾರ್ಬರ್ರಂತೂ ಭಾರ ಹೆಚ್ಚಿಸಿ, ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ಕುಣಿತದಲ್ಲೇ ಕಳೆಯುತ್ತದೆ. ಡಿಸ್ಕ್ ಬ್ರೇಕಿನ ಬಗ್ಗೆ ದೊಡ್ಡ ಸ್ಪರ್ಧಿಗಳಲ್ಲೇ ಜಗಳ ನಡೆದಿತ್ತು. 2015ರಲ್ಲಿ ರಸ್ತೆ ರೇಸುಗಳಲ್ಲಿ ಪ್ರಯೋಗಕ್ಕೆ ಬಿಟ್ಟು, 2016ರಲ್ಲಿ ಒಬ್ಬ ಸವಾರನ ಕಾಲಿಗೆ ಗಾಯವಾದಾಗ ಅದಕ್ಕೆ ಡಿಸ್ಕೇ ಕಾರಣ ಎಂಬ ದೂರು ಬಂದು ನಿಲ್ಲಿಸಿ, ಕೊನೆಗೆ 2018ರಲ್ಲಿ ಪೂರ್ತಿ ಒಪ್ಪಿಕೊಂಡರು. ಮಳೆಯಲ್ಲಿ ಅದು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಇಳಿಜಾರು ಇಳಿದು ಬಂದ ಮೇಲೆ ಆ ತಟ್ಟೆ ಕಾದ ಹೆಂಚಿನ ಹಾಗಿರುತ್ತದೆ, ಚಿಕ್ಕವರು ಮುಟ್ಟದಂತೆ ನೋಡಿಕೊಳ್ಳಿ.

ಸ್ಟ್ಯಾಂಡು ಬೇಡ ಎಂದರೆ ಬಿಟ್ಟುಬಿಡಿ, ಪ್ರಾಣಕ್ಕೇನೂ ಸಂಚಕಾರವಿಲ್ಲ. ಗೋಡೆಯ ಸುಣ್ಣ ಹೋಗುತ್ತದೆ ಅಷ್ಟೇ! ಮಡ್‌ಗಾರ್ಡ್ ಇಲ್ಲದಿದ್ದರೆ ಮಳೆಗಾಲದಲ್ಲಿ ಬಿಳಿ ಯೂನಿಫಾರಂ ಬೆನ್ನಿನ ಮೇಲೆ ಕೆಸರಿನ ಪಟ್ಟೆ ಮೂಡುತ್ತದೆ. ಒಂದು ವಾರ ಅವರೇ ಉಜ್ಜಿ ಒಗೆಯಲಿ, ತಾವಾಗಿಯೇ ಹಾಕಿಸಿಕೊಂಡು ಬರುತ್ತಾರೆ. ಬೆಲ್ಲನ್ನು ಮಾತ್ರ ತೆಗೆಯಲು ಬಿಡಬೇಡಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಡ್ಡ ಬರುವವರನ್ನು ‘ಏಯ್’ ಅಂತ ಕೂಗಿ ಸರಿಸುವುದಕ್ಕಾಗುತ್ತದೆಯೇ? ಮೈಸೂರಿನಲ್ಲಿ 2017ರಲ್ಲಿ ಶುರುವಾದ ಬಾಡಿಗೆ ಸೈಕಲ್ ಯೋಜನೆಗೆ ಆ ಸದ್ದಿನದೇ ಹೆಸರಿಟ್ಟರು, ‘ಟ್ರಿಣ್ ಟ್ರಿಣ್’ ಅಂತ.

ಡೈನಮೊ ನೆನಪಿದೆಯಾ? ಟೈರಿಗೆ ಒರಗಿ ಗುಂಯ್‌ಗುಡುತ್ತಿದ್ದ ಆ ಪುಟ್ಟ ಬಾಟಲಿಯನ್ನು ಬೈಯದವರಿಲ್ಲ. ಕಾಲು ಭಾರ, ಮಳೆಯಲ್ಲಿ ಜಾರುತ್ತಿತ್ತು, ಸೈಕಲ್ ನಿಂತರೆ ದೀಪವೂ ಆರುತ್ತಿತ್ತು. ಈಗ ಎಲ್‌ಇಡಿ ದೀಪ ಬಂದಿವೆ, ಆದರೆ ಚಾರ್ಜ್ ಮಾಡಲು ಮರೆತರೆ ಕಥೆ ಮುಗಿಯಿತು. ಕೆಂಪು ರಿಫ್ಲೆಕ್ಟರಿಗೆ ಬ್ಯಾಟರಿಯೂ ಬೇಡ, ಚಾರ್ಜೂ ಬೇಡ. ಅದನ್ನು ಕಿತ್ತು ಹಾಕಿದ್ದರೆ ಇವತ್ತೇ ಹಾಕಿಸಿ.

ಹೆಲ್ಮೆಟ್ ಜಗಳ

ಸೈಕಲ್ ಸವಾರರು ಹೆಲ್ಮೆಟ್ ಹಾಕಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯ 1990ರಲ್ಲೇ ಕಡ್ಡಾಯ ಮಾಡಿತು. ಹೈಸ್ಕೂಲಿಗೆ ಹೋಗುವ ಮಗ ಮೊಬೈಲ್ ತೆರೆದು, ‘ನೆದರ್ಲೆಂಡ್ಸ್‌ನಲ್ಲಿ ಯಾರೂ ಹಾಕಲ್ಲ ನೋಡು’ ಎಂದು ವಾದಕ್ಕೆ ಬರಬಹುದು. ಅವನು ಹೇಳುವುದು ಬಹುಮಟ್ಟಿಗೆ ನಿಜವೇ. ಅಲ್ಲಿ ಸೈಕಲ್ಲಿಗೇ ಬೇರೆ ದಾರಿಗಳಿವೆ ಎಂಬುದನ್ನು ಅವನಿಗೆ ತೋರಿಸಿ, ಆಮೇಲೆ ನಮ್ಮ ಮನೆಯ ಮುಂದಿನ ರಸ್ತೆಯನ್ನೂ ತೋರಿಸಿ.

ಬೇಡ ಎನ್ನುವುದಕ್ಕೆ ಅನೇಕ ಸಲ ಕಾರಣ ಅಳತೆ ಸರಿಯಿಲ್ಲದಿರುವುದು. ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಕೂರಬೇಕು, ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳು ಹೋಗುವಷ್ಟು ಮಾತ್ರ ಜಾಗವಿರಬೇಕು. ಹೆಣ್ಣುಮಕ್ಕಳಿಗೆ ನೆತ್ತಿಯ ಮೇಲೆ ಜುಟ್ಟು ಕಟ್ಟಿ ಹೆಲ್ಮೆಟ್ ಹಾಕು ಎಂದರೆ ಅದು ಕೂರುವುದಾದರೂ ಎಲ್ಲಿ? ಕತ್ತಿನ ಹತ್ತಿರ ಜಡೆ ಹಾಕಿ ಕಳಿಸಿ. ಅಪ್ಪನ ಬೈಕಿನ ಹೆಲ್ಮೆಟ್ಟನ್ನು ಮಗುವಿನ ತಲೆಗೆ ಹೇರಬೇಡಿ. ಜೋರಾಗಿ ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮಾಕೋಲಿನಂಥ ಪದರ ಅಮುಕಿ ಹೋಗಿರುತ್ತದೆ, ಬದಲಿಸಲೇಬೇಕು. ಪಾರ್ಕಿನಲ್ಲಿ ಜಾರುಬಂಡಿ ಹತ್ತುವಾಗ ಮಾತ್ರ ತೆಗೆಸಿ. ಸಂದಿಯಲ್ಲಿ ಸಿಕ್ಕಿಕೊಂಡರೆ ಆ ಪಟ್ಟಿಯೇ ಕುತ್ತಿಗೆಗೆ ಉರುಳಾದೀತು.

ನಿಮ್ಮ ಸೈಕಲ್ಲಿಗೆ

ಮತ್ತೆ ಸೈಕಲ್ ತುಳಿಯಬೇಕೆಂಬ ಆಸೆ ನಿಮಗೂ ಇದೆಯಲ್ಲವೇ? ಸಂಕೋಚ ಬೇಡ. ಆದರೆ ಲೇಡೀಸ್ ಸೈಕಲ್ಲಿನ ಚೈನ್ ಕವರ್ರು, ಹಿಂಚಕ್ರದ ಡ್ರೆಸ್ ಗಾರ್ಡು ‘ಆಂಟಿ ಲುಕ್’ ಕೊಡುತ್ತವೆ ಅಂತ ಮಗಳು ಬಿಚ್ಚಿಸಲು ಹೊರಟರೆ ಖಂಡಿತ ಬೇಡ ಅನ್ನಿ. ಸೆರಗು, ದುಪ್ಪಟ್ಟಾ ಚಕ್ರಕ್ಕೆ ಸುತ್ತಿಕೊಂಡು ಕುತ್ತಿಗೆಗೆ, ಬೆನ್ನುಮೂಳೆಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರು ದಾಖಲಿಸಿದ್ದಾರೆ. ಕ್ಯಾರಿಯರ್ ಮೇಲೆ ಕೂತ ಪುಟ್ಟ ಮಕ್ಕಳ ಹಿಮ್ಮಡಿ ಸ್ಪೋಕ್ಸ್ ಕಡ್ಡಿಗಳ ನಡುವೆ ಸಿಕ್ಕಿ ಚರ್ಮ ಸುಲಿಯುವುದಂತೂ ಆಸ್ಪತ್ರೆಗಳಿಗೆ ತೀರಾ ಪರಿಚಿತ ಗಾಯ. ಈ ಎರಡಕ್ಕೂ ಅಡ್ಡ ನಿಲ್ಲುವುದು ಡ್ರೆಸ್ ಗಾರ್ಡ್ ಒಂದೇ. ದುಪ್ಪಟ್ಟಾವನ್ನು ಹಿಂದಕ್ಕೆ ಇಳಿಬಿಡದೆ ಸೊಂಟಕ್ಕೆ ಕಟ್ಟಿಕೊಳ್ಳಿ, ಇಲ್ಲವೇ ಮುಂದಿನ ಬುಟ್ಟಿಯಲ್ಲಿ ಮಡಿಸಿಡಿ. ಮಗುವನ್ನು ಕೂರಿಸಿಕೊಳ್ಳುವುದಾದರೆ ಕಾಲಿಡಲು ಜಾಗವಿರುವ ಮಕ್ಕಳ ಸೀಟನ್ನೇ ಹಾಕಿಸಿ, ಬರೀ ಕ್ಯಾರಿಯರ್ ಬೇಡ.

ಮೆತ್ತಗಿರಲಿ ಅಂತ ಸೀಟಿನ ಮೇಲೆ ದಪ್ಪ ಜೆಲ್ ಕವರ್ ಹಾಕಿಸಿಕೊಂಡು ನೋವು ಹೆಚ್ಚಾಯಿತು ಎನ್ನುವವರಿದ್ದಾರೆ. ತೀರಾ ಮೆತ್ತಗಾದರೆ ಮೂಳೆ ಒಳಕ್ಕೆ ಕುಸಿದು ಬೇಡದ ಜಾಗದಲ್ಲಿ ಒತ್ತುತ್ತದೆ. ಮೊದಲು ಸೀಟಿನ ಎತ್ತರ ನೋಡಿ: ಪೆಡಲು ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮೊಣಕಾಲು ನೋವು ಎಂದು ಸೈಕಲ್ ಬಿಟ್ಟ ಎಷ್ಟೋ ಜನರ ಸೀಟು ಇದಕ್ಕಿಂತ ಒಂದು ಗೇಣು ಕೆಳಗಿರುತ್ತದೆ.

ಬಿಚ್ಚಿಸಿಟ್ಟ ಬೆಲ್ಲು, ಗಾರ್ಡು, ನಟ್ಟು, ಬೋಲ್ಟುಗಳನ್ನು ಗುಜರಿಗೆ ಹಾಕಬೇಡಿ. ಖಾಲಿಯಾದ ಉಪ್ಪಿನಕಾಯಿ ಡಬ್ಬಿಯಲ್ಲಿ ಹಾಕಿ, ಮೇಲೆ ಸೈಕಲ್ಲಿನ ಹೆಸರು ಬರೆದಿಡಿ. ತಮ್ಮನಿಗೆ ಸೈಕಲ್ಲು ದಾಟಿಸುವ ದಿನ ಎಲ್ಲವೂ ಬೇಕಾಗುತ್ತದೆ.