ಗಾಳ ಹಾಕುವ ಮುನ್ನ

ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿ ನದಿಯಿಂದ ಗಾಳದಲ್ಲಿ ಎತ್ತಿದ ಒಂದು ಮೀನಿನ ತೂಕ 120 ಪೌಂಡು. ಈಗಿನ ಲೆಕ್ಕದಲ್ಲಿ ಸುಮಾರು 54 ಕಿಲೋ. ಅರ್ಧ ಕ್ವಿಂಟಲ್ ರಾಗಿ ಮೂಟೆಯನ್ನು ಬೆನ್ನ ಮೇಲೆ ಹೊತ್ತವರಿಗೆ ಈ ಭಾರದ ಅಂದಾಜು ಸಿಕ್ಕೀತು. ಸತ್ತ ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವವಿದ್ದಂತೆ ನಿಲ್ಲಿಸುವ ಕಸುಬಿನಲ್ಲಿ ಜಗತ್ಪ್ರಸಿದ್ಧವಾಗಿದ್ದ ಮನೆತನ ಅವರದು. ಅವರು ಹಿಡಿದ ಮೀನು ಮಹಶೀರ್. ನಮ್ಮ ಕಡೆಯ ಬೆಸ್ತರ ಬಾಯಲ್ಲಿ ಬಿಳಿಮೀನು. ಗಾಳಕ್ಕೆ ಸಿಕ್ಕ ಮಹಶೀರ್‌ಗಳ ಪೈಕಿ ಅತಿ ದೊಡ್ಡದೆಂದು ಇಂದಿಗೂ ಹೆಸರಿಸುವುದು ಅದನ್ನೇ.

ಮೈಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯಲ್ಲಿ ಸಿಗುವ ಹಂಪಾಪುರ ಈ ಕಪಿಲೆಯ ಸೀಮೆಗೇ ಸೇರಿದ ಊರು. ಕಪಿಲೆ ಎಂದರೂ ಕಬಿನಿ ಎಂದರೂ ಒಂದೇ ನದಿ. ಹಳೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳು. ನೀರಿಗೆ ಬರವಿಲ್ಲದ ಈ ಸೀಮೆಗೆ ರಜೆಯಲ್ಲಿ ಪಟ್ಟಣದಿಂದ ನೆಂಟರು ಬಂದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಇಲ್ಲೆಲ್ಲಾದರೂ ತೆಪ್ಪದಲ್ಲಿ ಕೂತು ದೊಡ್ಡ ಮೀನಿಗೆ ಗಾಳ ಹಾಕಬಹುದೆ? ದುಡ್ಡು ಕೊಟ್ಟರೆ ಯಾರು ಕರೆದೊಯ್ಯುತ್ತಾರೆ?’

ಪ್ರಶ್ನೆ ಸಣ್ಣದು. ಉತ್ತರ ಮಾತ್ರ ಕಾನೂನು, ಜೀವವಿಜ್ಞಾನ, ಬಡವರ ಅನ್ನ ಮೂರನ್ನೂ ಮುಟ್ಟುತ್ತದೆ.

ರಾಗಿ ಮುದ್ದೆಗೆ ಬೀಳುವ ಮೀನು

ಮಹಶೀರ್ ನಮ್ಮ ಕಟ್ಲಾ, ರೋಹು, ಗೆಂಡೆಗಳ ಬಳಗದ್ದೇ. ಆದರೆ ಕೆರೆಯ ನಿಂತ ನೀರು ಇದಕ್ಕೆ ಒಗ್ಗದು. ಬಂಡೆಗಳ ನಡುವೆ ಭೋರ್ಗರೆಯುವ, ಆಮ್ಲಜನಕ ಹೆಚ್ಚಾಗಿ ಕರಗಿರುವ ನೀರು ಬೇಕು. ಬೇಸಿಗೆಯಲ್ಲಿ ಆಳವಾದ ಮಡುಗಳಲ್ಲಿ ಸೇರಿಕೊಂಡು, ಮುಂಗಾರಿನ ಹೊಸ ನೀರು ಬಂದೊಡನೆ ಪ್ರವಾಹಕ್ಕೆ ಎದುರಾಗಿ ಈಜಿ, ಮೇಲಿನ ಗರಸು ಮರಳಿನ ತಳದಲ್ಲಿ ಮೊಟ್ಟೆ ಇಡುತ್ತದೆ. ದವಡೆಯಲ್ಲಿ ಹಲ್ಲಿಲ್ಲ. ಗಂಟಲಿನೊಳಗೆ ಇರುವ ಬಲವಾದ ಹಲ್ಲುಗಳಿಂದ ಏಡಿ, ಬಸವನಹುಳುಗಳ ಚಿಪ್ಪನ್ನು ಪುಡಿಮಾಡುತ್ತದೆ.

ಇಂಥ ಮೀನು ನಮ್ಮ ರಾಗಿ ಮುದ್ದೆಗೆ ಮರುಳಾಗುವುದು ಸೋಜಿಗವೇ ಸರಿ. ಕಾವೇರಿಯಲ್ಲಿ ಗಾಳ ಹಾಕಿದ ದೇಶ ವಿದೇಶಗಳ ಹವ್ಯಾಸಿಗಳೆಲ್ಲ ಕೊನೆಗೆ ಶರಣಾದದ್ದು ಚೆನ್ನಾಗಿ ನಾದಿ, ಬೇಯಿಸಿ, ಗಟ್ಟಿ ಮಾಡಿದ ರಾಗಿ ಹಿಟ್ಟಿನ ಉಂಡೆಗೆ. ಕೊಕ್ಕೆ ಸಿಕ್ಕಿದೊಡನೆ ಮೀನು ಹರಿವಿನ ಜೊತೆ ಕೆಳಕ್ಕೆ ಓಡುತ್ತದೆ. ರೀಲಿನಲ್ಲಿದ್ದ ದಾರವೆಲ್ಲ ಬಿಚ್ಚಿಕೊಂಡು ಹೋಗುತ್ತದೆ. ಆಗ ಅಂಬಿಗ ತೆಪ್ಪ ಬಿಟ್ಟು ಮೀನಿನ ಹಿಂದೆಯೇ ಹೋಗಬೇಕು. ಬಂಡೆ ಯಾವುದು, ಸುಳಿ ಯಾವುದು ಎಂದು ಬಲ್ಲ ಸ್ಥಳೀಯ ಅಂಬಿಗನಿಲ್ಲದೆ ಈ ಆಟ ನಡೆಯುವುದೇ ಇಲ್ಲ.

ಭೀಮೇಶ್ವರಿಯ ದಿನಗಳು

ಸ್ವಾತಂತ್ರ್ಯಾನಂತರ ದೊಡ್ಡ ಮಹಶೀರ್‌ಗಳ ಸುದ್ದಿಯೇ ಅಡಗಿತ್ತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ತರುಣರು ಕಾವೇರಿಗೆ ಬಂದು ಭಾರಿ ಮೀನುಗಳನ್ನು ಹಿಡಿದು ತೋರಿಸಿದ ಮೇಲೆ ಹೊರಗಿನವರ ಕಣ್ಣು ಮತ್ತೆ ಇತ್ತ ತಿರುಗಿತು. ಅದಕ್ಕೂ ಮೊದಲೇ, 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಮುಂದೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಮೀನು ಶಿಬಿರಗಳನ್ನು ನಡೆಸಿತು. ಮೈಸೂರಿನಿಂದ ಮಳವಳ್ಳಿ, ಹಲಗೂರು ದಾಟಿ ಮುತ್ತತ್ತಿಯ ಕಡೆ ಇಳಿದರೆ ಭೀಮೇಶ್ವರಿ ಸಿಗುತ್ತದೆ.

ನಿಯಮ ಒಂದೇ: ಹಿಡಿ, ತೂಗು, ಪುಸ್ತಕದಲ್ಲಿ ಬರೆ, ಮರಳಿ ಬಿಡು. ಹಿಂದೆ ಸಿಡಿಮದ್ದು ಹಾಕಿ ಮೀನು ಹೊಡೆಯುತ್ತಿದ್ದ ಕೆಲವರೇ ಇಲ್ಲಿ ಸಂಬಳದ ಕಾವಲುಗಾರರೂ ಮಾರ್ಗದರ್ಶಕರೂ ಆದರು. ಒಂದು ಮೀನನ್ನು ಕೊಂದು ಮಾರಿದರೆ ಒಂದು ದಿನದ ಕೂಲಿ. ಅದೇ ಮೀನು ನೀರಿನಲ್ಲಿ ಬದುಕಿದ್ದರೆ ವರ್ಷ ವರ್ಷವೂ ಅತಿಥಿಗಳನ್ನು ಕರೆತರುತ್ತದೆ. ಈ ಲೆಕ್ಕ ನದಿ ದಂಡೆಯ ಜನಕ್ಕೆ ಬೇಗ ಅರ್ಥವಾಯಿತು.

ಆದರೆ ಈ ಶಿಬಿರಗಳಿದ್ದದ್ದು ಕಾವೇರಿ ವನ್ಯಜೀವಿ ಧಾಮದ ಆಸುಪಾಸಿನಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಸೆರೆ ಹಿಡಿಯುವುದೂ ಬೇಟೆಯೇ. ಹಿಡಿದು ಬಿಟ್ಟರೂ ಹಿಡಿದದ್ದು ಹಿಡಿದದ್ದೇ ಎಂಬ ವಾದ ಗೆದ್ದಿತು. ಹೀಗೆ 2012ರ ಹೊತ್ತಿಗೆ ಅಲ್ಲಿ ಗಾಳಕ್ಕೆ ತೆರೆ ಬಿತ್ತು. ಶಿಬಿರಗಳು ಉಳಿದವು, ಗಾಳದ ಕೋಲು ಮಾತ್ರ ಒಳಗೆ ಸೇರಿತು. ಧಾಮವೆಂದರೆ ಯಾವ ಪ್ರಾಣಿಗೂ ನೋವಾಗದ ಜಾಗ ಎನ್ನುವುದು ಒಂದು ನ್ಯಾಯ. ಕಾವಲಿದ್ದ ಕಣ್ಣುಗಳೇ ಹೋದರೆ ಸಿಡಿಮದ್ದಿನವರು ಮರಳುತ್ತಾರೆ ಎನ್ನುವುದು ಇನ್ನೊಂದು ನ್ಯಾಯ. ಎರಡರಲ್ಲೂ ಹುರುಳಿಲ್ಲದೆ ಇಲ್ಲ.

ಲೆಕ್ಕದ ಪುಸ್ತಕ ಹೇಳಿದ ಕಥೆ

ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಆಮೇಲೆ ಬಿಡಿಸಿ ನೋಡಿದರು. 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳಗಾರಿಕೆ, 6 ಸಾವಿರಕ್ಕೂ ಹೆಚ್ಚು ಮೀನುಗಳು. ಸಂಖ್ಯೆ ನೋಡಿದರೆ ಮಹಶೀರ್ ಹೆಚ್ಚುತ್ತಿದ್ದಂತೆ ಕಾಣುತ್ತಿತ್ತು. ಬಗೆ ಬೇರ್ಪಡಿಸಿದಾಗ ಎದೆ ಧಸಕ್ಕೆಂದಿತು. ಹೆಚ್ಚುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್, ಅಂದರೆ ಕೃಷ್ಣಾ ಕೊಳ್ಳದ ತಳಿ. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿ ತಂದು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಟ್ಟದ್ದು. ಕಾವೇರಿಯ ಸ್ವಂತ ಮೀನಾದ, ಕಿತ್ತಳೆ ರೆಕ್ಕೆಯ, ಬೆನ್ನು ಗೂನಾದ ಮಹಶೀರ್ ಮರೆಯಾಗುತ್ತ ಬಂದಿತ್ತು.

ವಿಚಿತ್ರವೆಂದರೆ, ಜಗತ್ಪ್ರಸಿದ್ಧವಾದ ಈ ಗೂನು ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿಸಲಾಗಿದ್ದ ‘ಟಾರ್ ರೆಮದೇವಿ’ ಎಂಬ ಮೀನೇ ಇದು ಎಂದು ಸಿದ್ಧವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ‘ತೀವ್ರ ಅಳಿವಿನಂಚಿನ’ ವರ್ಗಕ್ಕೆ ಸೇರಿತು. ಹೆಸರು ಸಿಕ್ಕ ವರ್ಷವೇ ಅಪಾಯದ ಗಂಟೆಯೂ ಬಾರಿಸಿತು. ಈಗ ಅದರ ಮುಖ್ಯ ನೆಲೆ ಬಂಡೀಪುರ, ಮುದುಮಲೆಗಳ ನಡುವೆ ಹರಿಯುವ ಮೋಯಾರ್ ಹೊಳೆ.

ಅಲಾಸ್ಕಾದಲ್ಲಿ ಹೇಗೆ?

ಗಾಳದ ಪ್ರವಾಸವನ್ನೇ ಉದ್ಯಮ ಮಾಡಿಕೊಂಡ ಊರುಗಳು ಬೇರೆ ದೇಶಗಳಲ್ಲಿ ಉಂಟು. ಅಮೆರಿಕದ ಅಲಾಸ್ಕಾದಲ್ಲಿ ಹೋಮರ್ ಎಂಬ ಊರಿದೆ. ಅಲ್ಲಿ ದಿನದ ಬಾಡಿಗೆಗೆ ದೋಣಿ, ಅದರೊಡನೆ ನುರಿತ ಚಾಲಕ, ಕೋಲು, ಎರೆ ಎಲ್ಲ ಸಿಗುತ್ತದೆ. ಇದನ್ನೇ ಚಾರ್ಟರ್ ಎನ್ನುವುದು. ಹಿಡಿಯುವುದು ಹ್ಯಾಲಿಬಟ್. ನಮ್ಮ ಕರಾವಳಿಯ ನಂಗು ಮೀನಿನಂತೆ ಚಪ್ಪಟೆ, ಎರಡು ಕಣ್ಣೂ ಒಂದೇ ಮಗ್ಗುಲಲ್ಲಿ. ಮರಿಯಾಗಿದ್ದಾಗ ಎರಡೂ ಕಡೆ ಇರುವ ಕಣ್ಣುಗಳಲ್ಲಿ ಒಂದು, ಬೆಳೆಯುತ್ತ ಬೆಳೆಯುತ್ತ ತಲೆಯನ್ನು ಸುತ್ತಿ ಇತ್ತ ಬರುತ್ತದೆ. 1996ರಲ್ಲಿ ಅಲಾಸ್ಕಾದಲ್ಲೇ ಗಾಳಕ್ಕೆ ಸಿಕ್ಕ ಒಂದು ಹ್ಯಾಲಿಬಟ್ 459 ಪೌಂಡು, ಅಂದರೆ 208 ಕಿಲೋ ತೂಗಿತು.

ಅಲ್ಲಿ ಮೀನನ್ನು ತಿನ್ನಲೆಂದೇ ಹಿಡಿಯುತ್ತಾರೆ. ಆದರೂ ಲಗಾಮಿದೆ. ಅಮೆರಿಕ, ಕೆನಡಾ ಸೇರಿ 1923ರಲ್ಲೇ ಹ್ಯಾಲಿಬಟ್‌ಗೆಂದು ಒಂದು ಆಯೋಗ ಮಾಡಿಕೊಂಡಿವೆ. ಒಬ್ಬರಿಗೆ ಎಷ್ಟು ಮೀನು, ಯಾವ ಅಳತೆಯದು ಎಂಬ ನಿಯಮಗಳು ವರ್ಷ ವರ್ಷ ಹೊರಡುತ್ತವೆ. 2011ರಿಂದ ಚಾರ್ಟರ್ ದೋಣಿಗಳ ಪರವಾನಗಿಗೂ ಮಿತಿ ಬಂದಿದೆ. ಈ ಜಾತಿಯಲ್ಲಿ ತೀರ ದೊಡ್ಡ ಮೀನುಗಳು ಹೆಣ್ಣು. ದೊಡ್ಡ ಹೆಣ್ಣೆಂದರೆ ಲಕ್ಷಗಟ್ಟಲೆ ಮೊಟ್ಟೆ. ಆದ್ದರಿಂದ ಅತಿ ದೊಡ್ಡದನ್ನೇ ಮನೆಗೆ ಒಯ್ಯುವ ಆಸೆ ಮುಂದಿನ ಫಸಲಿನ ಬಿತ್ತನೆ ಕಾಳನ್ನೇ ತಿಂದಂತೆ.

ಹೋಗುವವರು ಕೇಳಬೇಕಾದ್ದು

ಹಾಗಾದರೆ ನಮ್ಮ ನಾಡಿನಲ್ಲಿ ಗಾಳದ ಪ್ರವಾಸಕ್ಕೆ ಹೊರಡುವವರು ಏನು ನೋಡಬೇಕು? ‘ಎಷ್ಟು ದೊಡ್ಡ ಮೀನು ಸಿಗುತ್ತದೆ’ ಎಂದು ಮೊದಲು ಕೇಳುವವರೇ ಹೆಚ್ಚು. ಕೇಳಬೇಕಾದ ಮೊದಲ ಮಾತು ‘ಯಾರ ಅನುಮತಿಯಿಂದ’ ಎಂಬುದು. ಕಬಿನಿ ಹಿನ್ನೀರಿನ ಸುತ್ತ ನಾಗರಹೊಳೆ, ಬಂಡೀಪುರದ ಕಾಡುಗಳಿವೆ. ಅಲ್ಲಿ ದೋಣಿಯಲ್ಲಿ ಕೂತು ಆನೆ ನೋಡಬಹುದೇ ಹೊರತು ಕಾಡಿನೊಳಗಿನ ನೀರಿಗೆ ಗಾಳ ಇಳಿಸುವಂತಿಲ್ಲ. ರಕ್ಷಿತ ಪ್ರದೇಶದ ಹೊರಗಿನ ಹೊಳೆ, ಕೆರೆ, ಜಲಾಶಯಗಳಲ್ಲೂ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮದ ಪ್ರಕಾರ ಪರವಾನಗಿ ಬೇಕು. ಅನೇಕ ಕಡೆ ಮೀನಿನ ಹಕ್ಕು ಬೆಸ್ತರ ಸಹಕಾರ ಸಂಘದ ಕೈಯಲ್ಲಿರುತ್ತದೆ. ಅವರನ್ನು ಕೇಳದೆ ಗಾಳ ಹಾಕುವುದು ಇನ್ನೊಬ್ಬರ ತೋಟದಲ್ಲಿ ಕಾಯಿ ಕಿತ್ತಂತೆ. ‘ಎಲ್ಲ ನಾವು ನೋಡಿಕೊಳ್ಳುತ್ತೇವೆ ಸಾರ್’ ಎನ್ನುವ ರೆಸಾರ್ಟಿನವರಿಂದ ಪರವಾನಗಿಯ ಕಾಗದ ತೋರಿಸಿಕೊಳ್ಳುವುದು ಜಾಣತನ. ಕೊಡಗಿನ ವಾಲ್ನೂರಿನ ಬಳಿ ಕಾವೇರಿಯ ಒಂದು ಭಾಗವನ್ನು ಕೊಡಗು ವನ್ಯಜೀವಿ ಸಂಘ ಕಾಪಾಡಿಕೊಂಡು ಬಂದಿದ್ದು, ಹಿಡಿದು ಬಿಡುವ ಕರಾರಿನ ಮೇಲೆ ಗಾಳಕ್ಕೆ ಅವಕಾಶ ಕೊಡುತ್ತ ಬಂದಿದೆ. ಹೊರಡುವ ಮುನ್ನ ಆ ವರ್ಷದ ಅನುಮತಿಯ ವಿಷಯ ಅಲ್ಲಿಯೂ ವಿಚಾರಿಸಿಕೊಳ್ಳಬೇಕು.

ಎರಡನೆಯದು ಕಾಲ. ಹೊಳೆ ತಿಳಿಯಾಗಿ, ಹರಿವು ತಗ್ಗಿರುವ ಜನವರಿಯಿಂದ ಮಾರ್ಚ್‌ವರೆಗೆ ಹವ್ಯಾಸಿಗಳ ಕಾಲ. ಮಳೆಗಾಲ ಮೀನಿನ ಬಸಿರು ಬಾಣಂತನದ ಕಾಲ. ಆಗ ಕರೆದೊಯ್ಯುತ್ತೇನೆ ಎನ್ನುವವನ ಜೊತೆ ಹೋಗಬಾರದು. ಕಡಲಿಗೂ ಇದೇ ಮಾತು. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ರಜೆ.

ಮೂರನೆಯದು ಜೀವದ ಮಾತು. ತೆಪ್ಪದಲ್ಲಿ ಎಷ್ಟು ಜನ ಕೂರುತ್ತಾರೆ, ಎಲ್ಲರಿಗೂ ತೇಲುವ ಜಾಕೆಟ್ಟು ಇದೆಯೆ, ಅಂಬಿಗ ಆ ಹೊಳೆಯವನೇ ಹೌದೆ? ಅಣೆಕಟ್ಟಿನ ಕೆಳಗಾದರೆ ನೀರು ಬಿಡುವ ಹೊತ್ತು ತಿಳಿದಿರಲೇಬೇಕು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಕೆಳಗಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಣಕಾಲಷ್ಟಿದ್ದ ನೀರು ನೋಡುನೋಡುತ್ತಿದ್ದಂತೆ ಎದೆಮಟ್ಟ ಏರುತ್ತದೆ. ಪಟ್ಟಣದಿಂದ ಬಂದ ನೆಂಟರಿಗೆ ಹೇಳಬೇಕು.

ನಾಲ್ಕನೆಯದು ಸಿಕ್ಕ ಮೀನಿನ ಗತಿ. ಬಿಡುವುದೇ ನಿಯಮವಾದರೆ ಬಿಟ್ಟ ಮೀನು ಬದುಕಬೇಕು. ಕೊಕ್ಕೆಗೆ ಹಿಮ್ಮುಳ್ಳು ಇಲ್ಲದಿದ್ದರೆ ಬಿಡಿಸುವುದು ಸುಲಭ, ಗಾಯವೂ ಕಡಿಮೆ. ತೆಳು ದಾರದಲ್ಲಿ ಗಂಟೆಗಟ್ಟಲೆ ಆಡಿಸಿದರೆ ಮೀನಿನ ಮಾಂಸಖಂಡದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ಬಿಟ್ಟ ಮೇಲೆ ಸೋತು ಸಾಯಬಹುದು. ನೀರಿನ ಹೊರಗೆ ಎತ್ತಿದರೆ ಕಿವಿರುಗಳ ಪದರಗಳು ಒಂದಕ್ಕೊಂದು ಅಂಟಿಕೊಂಡು ಉಸಿರು ಕಟ್ಟುತ್ತದೆ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಅಳಿಸಿ ರೋಗ ತಗಲುತ್ತದೆ. ಆದ್ದರಿಂದ ಫೋಟೋ ನೀರಿನಲ್ಲೇ ಆಗಬೇಕು. ಆಮೇಲೆ ಮೀನಿನ ಮೂತಿಯನ್ನು ಹರಿವಿಗೆ ಎದುರು ಹಿಡಿದು, ಅದು ತಾನಾಗಿ ಬಾಲ ಬಡಿದು ಹೋಗುವವರೆಗೆ ಕಾಯಬೇಕು. ಇದನ್ನೆಲ್ಲ ಕೇಳುವ ಮುಂಚೆಯೇ ವಿವರಿಸುವ ಮಾರ್ಗದರ್ಶಕ ಸಿಕ್ಕರೆ ಅವನಿಗೆ ಕೊಟ್ಟ ದುಡ್ಡು ಸಾರ್ಥಕ. ಮೀನಿನ ಅಳತೆ, ಬಗೆ ಬರೆದಿಡುವ ಪುಸ್ತಕ ಅವನ ಬಳಿ ಇದ್ದರೆ ಇನ್ನೂ ಒಳ್ಳೆಯದು. ಗಾಳಿಬೋರೆಯ ಪುಸ್ತಕವಿರದಿದ್ದರೆ ಗೂನು ಮಹಶೀರ್ ಕಣ್ಮರೆಯಾಗುತ್ತಿದ್ದದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಕೊನೆಯದು ಕೂಲಿಯ ಮಾತು. ಕೊಟ್ಟ ದುಡ್ಡಿನಲ್ಲಿ ದಂಡೆಯ ಹಳ್ಳಿಗೆ ಸೇರುವುದೆಷ್ಟು ಎಂದು ಕೇಳಲು ಸಂಕೋಚ ಬೇಡ. ಅಂಬಿಗನೂ ಕಾವಲುಗಾರನೂ ಅಡುಗೆಯವನೂ ಅದೇ ಊರಿನವರಾದರೆ ಆ ಮಡುವಿಗೆ ಸಿಡಿಮದ್ದು ಬೀಳುವುದು ಕಷ್ಟ.

ಗಾಳವೇ ಬೇಡ, ಮೀನು ನೋಡಿದರೆ ಸಾಕು ಎನ್ನುವ ಮನೆಮಂದಿಗೂ ದಾರಿಯುಂಟು. ಪಿರಿಯಾಪಟ್ಟಣ, ಬೆಟ್ಟದಪುರದ ಮಾರ್ಗವಾಗಿ ಕಾವೇರಿ ದಂಡೆಯ ರಾಮನಾಥಪುರಕ್ಕೆ ಹೋದರೆ ಸೋಪಾನಕಟ್ಟೆಯ ಬಳಿ ಮಹಶೀರ್‌ಗಳು ಹಿಂಡುಗಟ್ಟಿ ಬರುತ್ತವೆ. ದೇವರ ಮೀನೆಂದು ಅಲ್ಲಿ ಯಾರೂ ಹಿಡಿಯುವುದಿಲ್ಲ. ಅಲ್ಲಿಗೆ ಪರವಾನಗಿ, ಕೋಲು, ತೆಪ್ಪ ಯಾವುದೂ ಬೇಡ. ಒಂದು ಹಿಡಿ ಪುರಿ ಸಾಕು.